ಹಿಟ್ಟಿನ ಆಮೆ

ಮಗ ತೀರಿಕೊಂಡ ಮೇಲೆ, ಅವನು ಕೆಲಸಕ್ಕಿದ್ದ ಹಡಗಿನ ಕಂಪನಿಯವರು ನಮ್ಮಿಬ್ಬರನ್ನೂ ಅದೇ ಹಡಗಿನಲ್ಲಿ ಒಂದು ದೀರ್ಘ ವಿಹಾರಯಾತ್ರೆಗೆ ಅತಿಥಿಗಳಾಗಿ ಕರೆದರು. ಊಟ, ಹಾಸಿಗೆ, ಹಾಡು, ಕುಣಿತ, ಎಲ್ಲವೂ ಅವರದೇ. ಕರೆಯಲು ಮನೆಗೆ ಬಂದ ಅಧಿಕಾರಿ ಕೆಟ್ಟವನಲ್ಲ. ಬೂಟನ್ನು ಬಾಗಿಲ ಹೊರಗೆ ಬಿಟ್ಟು, ಕುರ್ಚಿಯ ತುದಿಯಲ್ಲಿ ಕುಳಿತು, ಕೊಟ್ಟ ನೀರನ್ನು ಪೂರ್ತಿ ಕುಡಿದು, "ಇದು ನಿಮ್ಮ ಮಗನಿಗೆ ನಾವು ಸಲ್ಲಿಸೋ ಗೌರವ" ಎಂದ.

ನನ್ನಾಕೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

"ಜ್ವರ ಏರಿದಾಗ ಅವನನ್ನ ದಡಕ್ಕೆ ಯಾಕೆ ಸೇರಿಸಲಿಲ್ಲ?" ಎಂದು ಕೇಳಿದಳು.

"ಅಮ್ಮಾ, ಹಡಗು ಅಂದ್ರೆ ಬಸ್ಸಲ್ಲ. ನಡುದಾರೀಲಿ ತಿರುಗಿಸೋಕೆ ಬರಲ್ಲ. ಸಮುದ್ರ ಅಷ್ಟು ದೊಡ್ಡದು."

ಆ ಮಾತನ್ನು ನಾನು ಒಪ್ಪಿಕೊಂಡೆ. ದಿನವೂ ಬೆಳಗ್ಗೆ ದೇವರ ಮುಂದೆ ಕುಳಿತಾಗ, ಸಮುದ್ರ ದೊಡ್ಡದು, ಹಡಗು ತಿರುಗುವುದಿಲ್ಲ, ನಿನ್ನ ಇಚ್ಛೆ ಇದ್ದ ಹಾಗಾಯಿತು ಎಂದು ಹೇಳಿಕೊಂಡು ಕಣ್ಣು ಮುಚ್ಚುತ್ತಿದ್ದೆ. ಅಷ್ಟರಿಂದಲೇ ನನಗೆ ನಿದ್ದೆ ಬರುತ್ತಿತ್ತು. ಅವಳಿಗೆ ಬರುತ್ತಿರಲಿಲ್ಲ.

ನಾನು ಹೋಗುವುದು ಬೇಡವೆಂದೆ. ಸತ್ತ ಮಗನ ಹೆಸರಿನಲ್ಲಿ ಹಬೆಯಾಡುವ ಊಟ ಉಣ್ಣುವುದು ಹೇಗೆ? ಹೋಗೋಣ ಎಂದವಳು ಅವಳೇ. ಅವಳಿಗೆ ಬೇಕಾಗಿದ್ದುದು ಒಂದೇ. ಮಗನ ದೇಹ ಬಂದಾಗ ಪೆಟ್ಟಿಗೆಯನ್ನು ತೆಗೆಯಬಾರದೆಂದು ಮೊಹರು ಹಾಕಿದ್ದರು. ಅವನ ಟ್ರಂಕಿನಲ್ಲಿದ್ದ ಬಟ್ಟೆಗಳನ್ನು ಯಾರೋ ಪುಣ್ಯಾತ್ಮರು ಒಗೆದು, ಇಸ್ತ್ರಿ ಮಾಡಿ, ಮಡಿಸಿ ಕಳಿಸಿದ್ದರು. ಅವಳು ಒಂದೊಂದು ಅಂಗಿಯನ್ನೂ ಮೂಗಿಗೆ ಹಿಡಿದು ನೋಡಿ, "ಅವನನ್ನೂ ಸೇರಿಸಿ ಒಗೆದುಬಿಟ್ಟಿದ್ದಾರೆ" ಎಂದು ಟ್ರಂಕನ್ನು ಮುಚ್ಚಿದ್ದಳು. ಅವನ ಕೈ ಮುಟ್ಟಿದ್ದು ಅಂತ ಒಂದಾದರೂ ಮನೆಯಲ್ಲಿರಬೇಕು, ಅದು ಆ ಹಡಗಿನಲ್ಲಿದೆ, ತರೋಣ ಎಂಬುದು ಅವಳ ಹಟ.

ಅವಳು ಹೇಳುತ್ತಿದ್ದುದು ಒಂದು ಆಮೆಯ ವಿಷಯ.

ಮಗ ಚಿಕ್ಕವನಿದ್ದಾಗ ಅವಳು ಹಿಟ್ಟು ನಾದುವಾಗೆಲ್ಲ ಪಕ್ಕದಲ್ಲೇ ಕುಳಿತು ಕಾಟ ಕೊಡುತ್ತಿದ್ದ. ಸುಮ್ಮನಿರಲಿ ಎಂದು ಒಂದು ಮುದ್ದೆ ಹಿಟ್ಟನ್ನು ಅವನ ಕೈಗೆ ಹಾಕುತ್ತಿದ್ದಳು. ಅವನು ಅದರಿಂದ ಆಮೆಯನ್ನೇ ಮಾಡುತ್ತಿದ್ದ, ಬೇರೇನನ್ನೂ ಮಾಡಿದವನಲ್ಲ. ಕಣ್ಣಿಗೆ ಎರಡು ಮೆಣಸಿನ ಕಾಳು. ಆಮೆ ಬೀಳಬಾರದೆಂದು ಅದರ ಹೊಟ್ಟೆಯ ಕೆಳಗೆ ಹೆಬ್ಬೆರಳಿನಿಂದ ಒಂದು ಗುಳಿ ಒತ್ತುತ್ತಿದ್ದ. ಅವಳು ಅದನ್ನು ಹೆಂಚಿನ ಮೇಲೆ ಸುಟ್ಟು, ಕಲ್ಲಿನಂತಿದ್ದುದನ್ನು ಕಟಕಟ ಕಡಿದು ತಿಂದು, ಪ್ರತಿ ಸಲವೂ ಗಂಭೀರವಾಗಿ ತೀರ್ಪು ಕೊಡುತ್ತಿದ್ದಳು: "ಎಲ್ಲಾ ಚೆನ್ನಾಗಿದೆ ಕಣೋ ಹಿಟ್ಟಪ್ಪ. ಉಪ್ಪು ಕಮ್ಮಿ." ಮೈತುಂಬ ಹಿಟ್ಟು ಮೆತ್ತಿಕೊಂಡಿರುತ್ತಿದ್ದ ಅವನಿಗೆ ಮನೆಯಲ್ಲಿ ಅದೇ ಹೆಸರು ನಿಂತಿತು. ಹಿಟ್ಟಪ್ಪ ಬೆಳೆದು ಬೇಕರಿ ಕೆಲಸ ಕಲಿತು, ಹಡಗಿನ ಅಡುಗೆಮನೆ ಸೇರಿದ. ಊಟದ ಸಾಲೆಯ ಬಾಗಿಲಲ್ಲಿ ನೋಟಕ್ಕೆಂದು ಇಡುವ ಹಿಟ್ಟಿನ ಪ್ರಾಣಿಗಳನ್ನು ಮಾಡುವುದೂ ಅವನ ಪಾಲಿಗೆ ಬಂತು. ಉಪ್ಪು ಬೆರೆಸಿದ ಗಟ್ಟಿ ಹಿಟ್ಟು, ಒಣಗುವಷ್ಟು ಬೇಯಿಸಿ, ಮೇಲೆ ಹೊಳಪಿನ ಎಣ್ಣೆ ಬಳಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲವಂತೆ. ಕೊನೆಯ ಸಲ ಫೋನು ಮಾಡಿದಾಗ, "ಅಮ್ಮಾ, ಬೆಕ್ಕಿನಷ್ಟು ದೊಡ್ಡ ಆಮೆ ಮಾಡಿದೀನಿ. ಬಾಗಿಲಲ್ಲೇ ಕೂತಿದೆ. ಎಲ್ಲಾರೂ ಅದರ ಜೊತೆ ಫೋಟೋ ಹಿಡಿಸ್ಕೊಳ್ತಾರೆ" ಎಂದಿದ್ದ.

ಹಡಗು ಹತ್ತಿದ ಮಧ್ಯಾಹ್ನವೇ ನಮ್ಮನ್ನು ಊಟದ ಸಾಲೆಗೆ ಕರೆದೊಯ್ದರು. ನಮ್ಮನ್ನು ನೋಡಿಕೊಳ್ಳಲು ಒಬ್ಬ ಹುಡುಗಿಯನ್ನು ನೇಮಿಸಿದ್ದರು. ಮಾತಿಗೆ ಮುಂಚೆ ನಗು, ಮಾತಿನ ನಡುವೆ ನಗು, ಮಾತಾದ ಮೇಲೂ ನಗು. ನನ್ನಾಕೆ ಅವಳಿಗೆ ನಗುಮುಖಿ ಎಂದು ಹೆಸರಿಟ್ಟಳು. ಬಾಗಿಲಲ್ಲಿ ಎಲ್ಲರ ಅಂಗೈಗೂ ಔಷಧದ ನೀರು ಹಾಕುತ್ತಿದ್ದರು. ಅದರ ಪಕ್ಕದ ಮೇಜಿನ ಮೇಲೆ ಹಿಟ್ಟಿನ ಹಂಸ, ಹಿಟ್ಟಿನ ಮೊಸಳೆ, ನಡುವೆ ಆಮೆ.

ಅವಳು ಮಂಡಿಯೂರಿ ಕುಳಿತು ಆಮೆಯ ಹೊಟ್ಟೆಯ ಕೆಳಗೆ ಕೈ ತೂರಿಸಿದಳು. ನಮ್ಮ ಹಿಂದೆ ತಟ್ಟೆ ಹಿಡಿದವರ ಸಾಲು ಬೆಳೆಯಿತು. ಅವಳು ನನ್ನ ಕಡೆ ತಿರುಗಿ ತಲೆಯಾಡಿಸಿದಳು. ಗುಳಿ ಇತ್ತು.

"ಇಷ್ಟ ಆಯ್ತಾ ಅಮ್ಮ? ಫೋಟೋ ತೆಗೀಲಾ?" ಎಂದು ನಗುಮುಖಿ ಕೇಳಿದಳು. ನಾವು ಯಾರೆಂದು ಅವಳಿಗೆ ಗೊತ್ತಿತ್ತು, ಆಮೆ ಯಾರದೆಂದು ಗೊತ್ತಿರಲಿಲ್ಲ. ಆಗಲೇ ಹೇಳಬೇಕೆನಿಸಲಿಲ್ಲ. ಯಾತ್ರೆ ಮುಗಿಯುವಾಗ ಕೇಳಿದರಾಯಿತು, ಅಲ್ಲಿಯವರೆಗೆ ದಿನಕ್ಕೆ ಮೂರು ಹೊತ್ತು ಹೇಗೂ ನೋಡಬಹುದು ಎಂದುಕೊಂಡೆವು.

ಆ ಮೇಲಿನ ದಿನಗಳು ಉಣ್ಣುವುದರಲ್ಲೇ ಕಳೆದವು. ಹಡಗಿನಲ್ಲಿ ಹಸಿವೆಂಬುದಕ್ಕೆ ಜಾಗವೇ ಇಲ್ಲ. ಬೆಳಗಿನ ತಿಂಡಿ ಎತ್ತುವ ಮೊದಲೇ ಮಧ್ಯಾಹ್ನದ ಊಟ ಹರಡುತ್ತಾರೆ. ಹಣ್ಣುಗಳನ್ನು ಹೂವಿನ ಹಾಗೆ ಕೆತ್ತಿ ಇಡುತ್ತಾರೆ. ಐಸ್‌ಕ್ರೀಮಿನ ಯಂತ್ರ ಒಂದು ಗಳಿಗೆಯೂ ನಿಲ್ಲುವುದಿಲ್ಲ. ನನ್ನಾಕೆ ಬರಿಯ ಬ್ರೆಡ್ಡು ತಿಂದಳು. ಅವನು ನಿಂತಿದ್ದ ಒಲೆಯಿಂದ ಬಂದದ್ದು ಅದೊಂದೇ ಎಂದು. ನಾನು ತಿಂದೆ. ಮೊದಲು ಮರ್ಯಾದೆಗೆ, ಆಮೇಲೆ ರುಚಿಗೆ. ದೇವರು ನಾಲಿಗೆಯನ್ನು ಎದೆಯಿಂದ ಬಹಳ ದೂರ ಇಟ್ಟಿದ್ದಾನೆ. ಒಂದು ದಿನ ನಾನು ಕೆನೆ ಹಾಕಿದ ಸಿಹಿಯನ್ನು ಎರಡನೆಯ ಸಲ ಬಡಿಸಿಕೊಂಡು ಬಂದಾಗ ಅವಳು ತಟ್ಟೆಯನ್ನು ನೋಡಿ, "ಮಗ ಸತ್ತಿರೋದನ್ನ ನಿಮ್ಮ ನಾಲಿಗೆಗೆ ಇನ್ನೂ ಯಾರೂ ಹೇಳಿಲ್ವಾ?" ಎಂದಳು. ಸಿಹಿ ಚೆನ್ನಾಗಿತ್ತು. ತಿಂದು ಮುಗಿಸಿದೆ.

ರಾತ್ರಿಯ ಊಟಕ್ಕೆ ಯಾತ್ರೆಯುದ್ದಕ್ಕೂ ಒಂದೇ ಮೇಜು, ಅದೇ ಜನ. ನಮ್ಮ ಎದುರಿಗೆ ಕೂರುತ್ತಿದ್ದವರು ನಿವೃತ್ತ ಗಂಡ ಹೆಂಡತಿ. ಅವರಲ್ಲಿ ಗಂಡನಾದವರು ಊಟದಲ್ಲೂ ಟೋಪಿ ತೆಗೆಯುತ್ತಿರಲಿಲ್ಲವಾದ್ದರಿಂದ ನಮ್ಮಿಬ್ಬರ ನಡುವೆ ಟೋಪಿ ಯಜಮಾನರಾದರು.

"ಈ ಹಡಗಿನ ದೋಬಿಗಳು ಸರಿಯಿಲ್ಲ ಸ್ವಾಮಿ. ನನ್ನ ಪ್ಯಾಂಟು ಒಗೆದು ಕುಗ್ಗಿಸಿಬಿಟ್ಟಿದ್ದಾರೆ" ಎಂದು ಅವರು ಮೊದಲ ವಾರದಲ್ಲೇ ದೂರಿದರು.

"ಪ್ಯಾಂಟು ಕುಗ್ಗಿಲ್ಲ, ನೀವು ಹಿಗ್ಗಿದ್ದೀರಿ" ಎಂದರು ಅವರ ಹೆಂಡತಿ.

"ಹಿಗ್ಗೋಕೇ ಬಂದಿರೋದು ಕಣೇ! ಮನೇಲಿ ನೀನು ಹಿಗ್ಗೋಕೆ ಬಿಟ್ಟಿದ್ದೀಯಾ?"

ಒಳ್ಳೆಯ ಜನ. ಒಂದು ದಿನ ಯಜಮಾನರು ಸೂಪನ್ನು ಬಾಯಿಗಿಟ್ಟು ಮುಖ ಸಿಂಡರಿಸಿ, "ಉಪ್ಪಿಗಿಂತ ರುಚಿಯಿಲ್ಲ ಅಂತ ಸುಮ್ನೆ ಹೇಳಿದ್ದಾರಾ ಹಿರಿಯರು?" ಎಂದು ಉಪ್ಪಿನ ಡಬ್ಬಿಯನ್ನು ಸುರಿದುಕೊಂಡರು. ಆ ಗಾದೆಯ ಉಳಿದರ್ಧವನ್ನು ಮೇಜಿನ ಸುತ್ತ ಯಾರೂ ಹೇಳಲಿಲ್ಲ. ನನ್ನಾಕೆ ಬ್ರೆಡ್ಡಿನ ಅಂಚನ್ನು ಕಿತ್ತು ಕಿತ್ತು ಗುಡ್ಡೆ ಹಾಕುತ್ತಿದ್ದಳು.

"ಮಕ್ಕಳು ಕಳಿಸಿದ್ರಾ ನಿಮ್ಮನ್ನ?" ಎಂದು ಅವರ ಹೆಂಡತಿ ವಿಚಾರಿಸಿದರು.

"ಹೌದು. ಮಗ ಕಳಿಸಿದ" ಎಂದಳು ಇವಳು.

"ಪುಣ್ಯವಂತರು ಬಿಡಿ ಅಕ್ಕ! ನಮ್ಮವನು ಇದುವರೆಗೆ ಒಂದು ಛತ್ರಿ ಕೊಡಿಸಿಲ್ಲ."

ಅದೇ ಊಟದಲ್ಲಿ ನನ್ನ ಕಪ್ಪಿನ ಅಂಚು ಉಗುರಿನ ಚೂರಿನಷ್ಟು ಒಡೆದಿತ್ತು. ನನಗೆ ಕಾಣಿಸಿರಲಿಲ್ಲ, ಬಡಿಸುವವನಿಗೆ ಕಾಣಿಸಿತು. ಅವನು ಹೌಹಾರಿ ಕಪ್ಪನ್ನು ಕಿತ್ತುಕೊಂಡು, ಕ್ಷಮೆ ಕೇಳಿ, ಬೇರೆ ತಂದ. ಬಾಗಿಲಾಚೆ ಅದನ್ನು ಕಸದ ಡಬ್ಬಕ್ಕೆ ಹಾಕಿದ ಸದ್ದು ಕೇಳಿತು. ಅತಿಥಿಯ ಮುಂದೆ ಮುಕ್ಕಾದದ್ದನ್ನು ಇಡುವಂತಿಲ್ಲವಂತೆ, ಅದು ಹಡಗಿನ ಕಟ್ಟುನಿಟ್ಟು.

ಹಗಲಿನಲ್ಲಿ ನಗುಮುಖಿ ನಮ್ಮನ್ನು ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ. ಈಜುಕೊಳದ ಪಕ್ಕದಲ್ಲಿ ಕುಣಿತದ ಪಾಠ, ಹಜಾರದಲ್ಲಿ ಅದೃಷ್ಟದ ಅಂಕಿಗಳ ಆಟ, ಕೈವಸ್ತ್ರ ಮಡಿಸಿ ಹಕ್ಕಿ ಮಾಡುವ ತರಗತಿ. ಕುಣಿತದಲ್ಲಿ ನಾನು ಎಡಗಾಲಿಡುವಲ್ಲಿ ಬಲಗಾಲಿಟ್ಟು ಒಬ್ಬ ದಪ್ಪ ಮಹಿಳೆಯ ಪಾದ ತುಳಿದೆ. ಆಕೆ ನಕ್ಕಳು, ಎಲ್ಲರೂ ನಕ್ಕರು, ನನಗೂ ನಗು ಬಂತು. ನಗುತ್ತಲೇ ಪಕ್ಕಕ್ಕೆ ನೋಡಿದೆ. ನನ್ನಾಕೆ ಅಲ್ಲಿರಲಿಲ್ಲ. ಎಲ್ಲಿದ್ದಾಳೆಂದು ಹುಡುಕಬೇಕಾದ್ದೇನೂ ಇರಲಿಲ್ಲ. ಊಟದ ಸಾಲೆಯ ಬಾಗಿಲಲ್ಲಿ ಆಮೆಯ ಪಕ್ಕದ ಕುರ್ಚಿಯಲ್ಲಿ ಕುಳಿತು ಬರುವವರಿಗೆ ದಾರಿ ಬಿಡುತ್ತಿದ್ದಳು.

ಪ್ರಯಾಣಿಕರಿಗೆ ಅಡುಗೆಮನೆ ತೋರಿಸುವುದೂ ಅಲ್ಲಿಯ ಒಂದು ಮನರಂಜನೆ. ಅವತ್ತು ಮಾತ್ರ ಅವಳು ಎಲ್ಲರಿಗಿಂತ ಮುಂದೆ ನಿಂತಳು. ಉಕ್ಕಿನ ಗೋಡೆ, ಉಕ್ಕಿನ ಮೇಜು, ಕಿಟಕಿ ಒಂದೂ ಇಲ್ಲ. ಒಲೆಗಳ ಬಳಿ ನಿಲ್ಲಲಾಗದ ಧಗೆ. ಬೇಕರಿಯ ಮೂಲೆಯಲ್ಲಿ ಒಬ್ಬ ಯುವಕ ಹಿಟ್ಟು ನಾದುತ್ತಿದ್ದ. ಅವಳನ್ನು ನೋಡಿದ್ದೇ ಕೈ ನಿಲ್ಲಿಸಿದ. ಅವಳ ಮೂಗು, ಅವಳ ಗದ್ದ ನಮ್ಮ ಮಗನಿಗೂ ಇದ್ದವು.

"ಅಮ್ಮ, ನಾನು ಅವನ ಕೋಣೇಲೇ ಇದ್ದೆ. ಮೇಲಿನ ಹಾಸಿಗೆ ಅವನದು, ಕೆಳಗಿನದು ನಂದು" ಎಂದ.

"ಬಟ್ಟೆ ಒಗೆದು ಕಳಿಸಿದ್ದು ನೀನಾ?"

"ಹೌದಮ್ಮ."

"ಒಳ್ಳೇದು ಮಾಡಿದೆ ಮರಿ" ಎಂದಳು. ಆಮೇಲೆ, "ನರಳಿದನಾ?" ಎಂದು ಕೇಳಿದಳು.

ಅವನು ಹಿಟ್ಟನ್ನು ನೋಡಿದ. "ನೀರು ಕೇಳ್ತಿದ್ದ. ಮಾತ್ರೆ ಕೊಟ್ರು. ಡಾಕ್ಟರು ಮೇಲೆ ಹೇಳಿ ಕಳಿಸಿದ್ರು, ದಡಕ್ಕೆ ಸೇರಿಸ್ಬೇಕು ಅಂತ. ಏನಾಯ್ತೋ ನಮಗೆ ಗೊತ್ತಾಗ್ಲಿಲ್ಲಮ್ಮ."

ಗುಂಪು ಮುಂದೆ ಸಾಗಿತ್ತು. ಯಾರೋ ಕೂಗಿ ಕರೆದರು. ಅಲ್ಲಿ ಸಕ್ಕರೆಯಲ್ಲಿ ಗುಲಾಬಿ ಮಾಡಿ ತೋರಿಸುತ್ತಿದ್ದರು.

ಅದಾದ ಕೆಲವು ದಿನಗಳ ಮೇಲೆ, ನಾವು ನಡುಗಡಲಿನಲ್ಲಿದ್ದಾಗ, ಬೆಳಗಿನ ತಿಂಡಿಯ ಹೊತ್ತಿಗೆ ಕ್ಯಾಪ್ಟನ್ನರ ದನಿ ಎಲ್ಲ ಕೋಣೆಗಳಲ್ಲೂ ಕೇಳಿಸಿತು. ಪ್ರಯಾಣಿಕರೊಬ್ಬರಿಗೆ ಎದೆನೋವು ಬಂದಿದೆ. ಮನುಷ್ಯನ ಪ್ರಾಣಕ್ಕಿಂತ ದೊಡ್ಡದಿಲ್ಲ. ಆದ್ದರಿಂದ ಹಡಗು ಹಿಂದಿರುಗಿ ಹತ್ತಿರದ ಬಂದರಿಗೆ ಹೋಗುತ್ತಿದೆ. ಮುಂದಿನ ಊರನ್ನು ಬಿಡಬೇಕಾದದ್ದಕ್ಕೆ ವಿಷಾದ. ಅದರ ಬದಲಿಗೆ ಸಂಜೆ ಕೊಳದ ಪಕ್ಕದಲ್ಲಿ ಚಾಕೊಲೇಟಿನ ಔತಣವಿದೆ.

ಮೇಜಿನ ಮೇಲಿದ್ದ ಹಣ್ಣಿನ ರಸ ಲೋಟದೊಳಗೆ ಒಂದು ಕಡೆಗೆ ವಾಲಿತು. ಹಡಗು ತಿರುಗುತ್ತಿತ್ತು. ಬಿಸಿಲು ಬಲಗಡೆಯ ಕಿಟಕಿಯಿಂದ ನಿಧಾನವಾಗಿ ಸರಿದು ಎಡಗಡೆಯ ಕಿಟಕಿಗೆ ಬಂತು.

"ಛೆ! ಆ ಊರಿನ ಮಾರುಕಟ್ಟೆ ನೋಡೋಕೇ ನಾನು ಬಂದಿದ್ದು" ಎಂದು ಟೋಪಿ ಯಜಮಾನರು ಗೊಣಗಿದರು.

"ಸುಮ್ನಿರಿ, ಯಾರ ಮನೆಯ ಯಜಮಾನರೋ ಏನೋ" ಎಂದರು ಅವರ ಹೆಂಡತಿ.

"ಹಾಗಾದ್ರೆ ತಿರುಗುತ್ತೆ" ಎಂದಳು ನನ್ನಾಕೆ.

"ಏನು ತಾಯಿ?"

"ಹಡಗು. ಬಸ್ಸಲ್ಲ, ತಿರುಗಲ್ಲ ಅಂದಿದ್ರು."

ಅವರಿಗೆ ಅರ್ಥವಾಗಲಿಲ್ಲ. ಅವಳು ಎದ್ದು ಹೋದಳು. ನಾನು ಹಡಗಿನ ಮೇಲಿನ ತೆರೆದ ಅಟ್ಟಕ್ಕೆ ಹೋಗಿ ಕಂಬಿ ಹಿಡಿದು ನಿಂತೆ. ದಿನವೂ ಸೂರ್ಯನಿಗೆ ಕೈಮುಗಿಯುತ್ತಿದ್ದ ಜಾಗ ಅದೇ. ಹಡಗಿನ ಹಿಂದೆ ನೀರಿನ ಮೇಲೆ ಒಂದು ದೊಡ್ಡ ಬೆಳ್ಳನೆಯ ಕಮಾನು ಮೂಡಿತ್ತು, ಬಳಪದಿಂದ ಬರೆದ ಹಾಗೆ. ಇಷ್ಟು ದಿನ, ಸಮುದ್ರ ದೊಡ್ಡದು, ಹಡಗು ತಿರುಗುವುದಿಲ್ಲ ಎಂದು ನಾನು ದೇವರಿಗೆ ಹೇಳುತ್ತಿದ್ದೆ. ಅವನು ದಿನವೂ ಕೇಳಿಸಿಕೊಂಡ. ಒಂದು ದಿನವಾದರೂ ತಿದ್ದಲಿಲ್ಲ. ಅವತ್ತು ನಾನು ಕೈಮುಗಿಯಲಿಲ್ಲ. ಮಾರನೆಯ ದಿನ ಮುಗಿದೆ. ಎಪ್ಪತ್ತು ದಾಟಿದ ಕೈಗಳು, ಬೇರೆ ಏನು ಮಾಡಬೇಕೆಂದು ಅವಕ್ಕೆ ತಿಳಿಯದು.

ಸಂಜೆ ಚಾಕೊಲೇಟಿನ ಔತಣದಲ್ಲಿ ಬಣ್ಣಬಣ್ಣದ ಮುಖವಾಡ ಹಾಕಿದವರೆಲ್ಲ ಒಬ್ಬರ ಹೆಗಲು ಒಬ್ಬರು ಹಿಡಿದು ರೈಲಿನಂತೆ ಕುಣಿಯುತ್ತ ಊಟದ ಸಾಲೆಯೊಳಕ್ಕೂ ಬಂದರು. ಆ ಸಾಲಿನ ಕೊನೆಯವನು ಫೋಟೋಕ್ಕೆಂದು ಆಮೆಯ ಮೇಲೆ ಮೊಣಕೈ ಊರಿದ. ಟಕ್ಕೆಂದಿತು. ಮುಂಗಾಲೊಂದು ಮುರಿದು ನೆಲಕ್ಕೆ ಬಿತ್ತು. ಅವನು, "ಅಯ್ಯೋ, ಪಾಪ ಆಮೆ!" ಎಂದು ನಗುತ್ತ ರೈಲಿನ ಹಿಂದೆ ಓಡಿದ. ನಾನು ಕಾಲನ್ನು ಎತ್ತಿ ಕೋಟಿನ ಜೇಬಿಗೆ ಹಾಕಿಕೊಂಡೆ. ಬದುಕೆಲ್ಲ ಅಚ್ಚಿನ ಮನೆಯಲ್ಲಿ ಅಕ್ಷರದ ಮೊಳೆ ಜೋಡಿಸಿದವನು ನಾನು. ಕೆಳಗೆ ಬಿದ್ದ ಅಕ್ಷರವನ್ನು ಎತ್ತಿ ಅದರ ಖಾನೆಗೇ ಸೇರಿಸುವುದು ನನ್ನ ಕೈಗೆ ಅಂಟಿದ ಗುಣ.

ಮಾರನೆಯ ದಿನ ಬೇಕರಿಯ ಯುವಕ ಬ್ರೆಡ್ಡಿನ ಬುಟ್ಟಿ ತಂದಿಡುವ ನೆಪದಲ್ಲಿ ನಮ್ಮ ಬಳಿ ಬಂದು ಬಗ್ಗಿದ.

"ಅಮ್ಮ, ಈ ಸಲ ಯಾತ್ರೆ ಮುಗಿದ ಕೂಡಲೇ ಬಾಗಿಲಲ್ಲಿರೋ ಪ್ರಾಣಿಗಳನ್ನೆಲ್ಲ ಬದಲಾಯಿಸ್ತಾರೆ. ಹಳೇದೆಲ್ಲ ಕಸ ಸುಡೋ ಒಲೆಗೆ. ನಿಮಗೆ ಬೇಕಿದ್ರೆ ಅಷ್ಟರೊಳಗೆ ನೋಡ್ಕೊಳ್ಳಿ."

"ನೀನೇ ತಂದ್ಕೊಡೋಕಾಗಲ್ವಾ?" ಎಂದು ಕೇಳಿದೆ.

"ನಾನು ಮುಟ್ಟಿದ್ರೆ ಕೆಲಸ ಹೋಗುತ್ತೆ ಅಪ್ಪ. ಈ ಸಾಲೆಯ ಸಾಮಾನು ನಮ್ಮ ಲೆಕ್ಕಕ್ಕೆ ಬರಲ್ಲ."

ಕೋಣೆಗೆ ಬಂದ ಮೇಲೆ ನನ್ನಾಕೆ ತನ್ನ ಉಣ್ಣೆಯ ಶಾಲನ್ನು ಹಾಸಿಗೆಯ ಮೇಲೆ ಹರಡಿ, ಅಳತೆ ನೋಡಿದಳು. ಹಾಸಿಗೆಯ ಮೇಲೆ ಕೋಣೆ ಗುಡಿಸುವವನು ಟವೆಲ್ಲಿನಿಂದ ಒಂದು ಮೊಲ ಮಾಡಿ ಕೂರಿಸಿದ್ದ. ಅವಳು ಮೊಲವನ್ನು ಶಾಲಿನಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಕೋಣೆಯಲ್ಲಿ ಎರಡು ಸುತ್ತು ನಡೆದಳು.

"ಹೀಗೆ. ಮಗೂನ ಎತ್ಕೊಂಡು ಹೋಗೋಳ ಹಾಗೆ. ಯಾರು ಕೇಳ್ತಾರೆ?"

"ಕಳ್ಳತನವೇ?"

"ನನ್ನ ಮಗ ಮಾಡಿದ್ದು ನಾನು ತಗೊಂಡ್ರೆ ಕಳ್ಳತನ ಹೇಗಾಗುತ್ತೆ? ಕದ್ದೋರು ಯಾರು ಅಂತ ಲೆಕ್ಕ ಹಾಕಿದ್ರೆ ಬಹಳ ದೂರ ಹೋಗುತ್ತೆ ನೋಡಿ."

"ಬಾಗಿಲಲ್ಲಿ ಹಿಡಿದ್ರೆ ಅವನ ಹೆಸರಿಗೆ ಮಸಿ. ಬಾಯಿ ಬಿಟ್ಟು ಕೇಳೋಣ. ಇಷ್ಟು ದಿನ ಕೇಳದ್ದೆಲ್ಲ ಕೊಟ್ಟವರು, ಕೇಳಿದ್ದೊಂದು ಕೊಡದೆ ಇರ್ತಾರಾ?"

ಅವಳು ಮೊಲವನ್ನು ಬಿಚ್ಚಿ ಟವೆಲ್ಲನ್ನು ಮಡಿಸಿಟ್ಟಳು. "ಸರಿ. ನೀವೇ ಕೇಳಿ. ನಾನು ಕೇಳಿದ್ರೆ ಅತ್ತುಬಿಡ್ತೀನಿ" ಎಂದಳು.

ನಗುಮುಖಿಯ ಮೇಜಿನ ಮುಂದೆ ಕುಳಿತು ಎಲ್ಲವನ್ನೂ ಹೇಳಿದೆ. ಆಮೆ ಯಾರು ಮಾಡಿದ್ದೆಂದು ಕೇಳಿ ಅವಳ ನಗು ಮೊದಲ ಸಲ ನಿಂತಿತು. ಕಣ್ಣಲ್ಲಿ ನೀರೂ ಬಂತು. ಅದು ನಾಟಕವಲ್ಲ. "ಖಂಡಿತ ಕೊಡಿಸ್ತೀನಿ ಅಪ್ಪ. ಇದು ನನ್ನ ಜವಾಬ್ದಾರಿ. ಏನೂ ಯೋಚನೆ ಮಾಡಬೇಡಿ" ಎಂದಳು. ನನಗೆ ಎದೆ ಹಗುರವಾಯಿತು. ಜೇಬಿನಿಂದ ಮುರಿದ ಕಾಲನ್ನು ತೆಗೆದು, ಕರವಸ್ತ್ರ ಬಿಡಿಸಿ, ಅವಳ ಮೇಜಿನ ಮೇಲಿಟ್ಟೆ. "ಇದು ಅದರದೇ. ಮೊನ್ನೆ ಮುರಿಯಿತು. ಸ್ವಲ್ಪ ಅಂಟು ಹಾಕಿಸಿಕೊಟ್ಟರೆ ಸಾಕು" ಎಂದೆ.

"ಓ, ಮುರಿದಿದೆಯಾ?" ಎಂದು ಅವಳು ಕಾಲನ್ನು ಎತ್ತಿ ಎರಡು ಕಡೆಗೂ ತಿರುಗಿಸಿ ನೋಡಿದಳು. "ನಾವು ನೋಡ್ಕೊಳ್ತೀವಿ."

ಯಾತ್ರೆಯ ಕೊನೆಯ ಊಟಕ್ಕೆ ಎಲ್ಲರೂ ಕೋಟು, ಒಡವೆ ಹಾಕಿಕೊಂಡು ಬರಬೇಕೆಂಬ ನಿಯಮ. ಸಾಲೆಗೆ ಹೋಗುವಾಗ ಬಾಗಿಲಲ್ಲಿ ಆಮೆ ಇರಲಿಲ್ಲ. ಹಂಸ, ಮೊಸಳೆ ಇದ್ದವು. ನಡುವೆ ಖಾಲಿ. ನನ್ನಾಕೆ ಆ ಖಾಲಿಯನ್ನು ನೋಡಿ, ಬಹಳ ದಿನಗಳ ಮೇಲೆ, ನನ್ನ ಮೊಣಕೈ ಹಿಡಿದಳು. "ಕೊಡ್ತಾರೆ ಅನ್ಸುತ್ತೆ" ಎಂದಳು. ಅವತ್ತು ಅವಳು ಸೂಪು ಕುಡಿದಳು. ಮೀನಿನ ಒಂದು ತುಂಡು ತಿಂದಳು. ಟೋಪಿ ಯಜಮಾನರ ಹಳೆಯ ಜೋಕಿಗೂ ನಕ್ಕಳು.

ಆಮೇಲೆ ದೀಪ ಆರಿಸಿದರು. ಡೋಲು ಬಡಿಯಿತು. ಬಡಿಸುವವರೆಲ್ಲ ತಲೆಯ ಮೇಲೆ ಉರಿಯುವ ಸಿಹಿಯ ತಟ್ಟೆ ಹೊತ್ತು ಕುಣಿಯುತ್ತ ಬಂದರು. ಪ್ರಯಾಣಿಕರು ಎದ್ದು ನಿಂತು ಕೈವಸ್ತ್ರ ಬೀಸಿದರು. ಈ ಮೆರವಣಿಗೆಯ ದಿನ ತೋಳು ಬಿದ್ದುಹೋಗುತ್ತೆ ಎಂದು ಮಗ ಹೇಳುತ್ತಿದ್ದ. ಅವರು ನಗುತ್ತಿದ್ದರು, ತೋಳುಗಳು ನಡುಗುತ್ತಿದ್ದವು. ದೀಪ ಹತ್ತಿದಾಗ ಕ್ಯಾಪ್ಟನ್ನರು ನಮ್ಮ ಮೇಜಿನ ಪಕ್ಕದಲ್ಲಿ ನಿಂತಿದ್ದರು. ಬಿಳಿಯ ಉಡುಪು, ಕೈಯಲ್ಲಿ ಮೈಕು. ನಮ್ಮ ಕುಟುಂಬದ ಒಬ್ಬ ಸದಸ್ಯನನ್ನು ನಾವು ಕಳೆದುಕೊಂಡೆವು, ಅವನ ಹೆತ್ತವರು ಇವತ್ತು ನಮ್ಮ ನಡುವೆ ಇದ್ದಾರೆ ಎಂದರು. ಸಾಲೆಯೆಲ್ಲ ಚಪ್ಪಾಳೆ. ಟೋಪಿ ಯಜಮಾನರು ಚಪ್ಪಾಳೆಗೆ ಎತ್ತಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿ, ನನ್ನಾಕೆಯನ್ನು ನೋಡಿ, ಟೋಪಿ ತೆಗೆದರು. ಅವರ ಹೆಂಡತಿ, "ಅಕ್ಕಾ..." ಎಂದು ಬಾಯಿಗೆ ಕೈ ಅಡ್ಡ ಹಿಡಿದರು.

ನಗುಮುಖಿ ರೇಷ್ಮೆ ಪಟ್ಟಿ ಕಟ್ಟಿದ ಪೆಟ್ಟಿಗೆಯನ್ನು ತಂದು ಮೇಜಿನ ಮೇಲಿಟ್ಟಳು. ನನ್ನಾಕೆ ಪಟ್ಟಿಯನ್ನು ಬಿಚ್ಚಲಿಲ್ಲ, ಎಳೆದು ಹರಿದಳು. ಮುಚ್ಚಳ ತೆಗೆದಳು.

ಆಮೆ ಫಳಫಳ ಹೊಳೆಯುತ್ತಿತ್ತು. ನಾಲ್ಕು ಕಾಲೂ ಇದ್ದವು. ಎರಡು ಕಣ್ಣುಗಳೂ ಸಮನಾಗಿದ್ದವು. ಅವಳು ಅದನ್ನು ನೋಡಲೇ ಇಲ್ಲ, ನೇರವಾಗಿ ಕೈಯನ್ನು ಕೆಳಗೆ ತೂರಿಸಿದಳು. ನಾನು ಅವಳ ಮುಖವನ್ನು ನೋಡುತ್ತಿದ್ದೆ. ಕೈ ಹೋಯಿತು, ಹುಡುಕಿತು, ನಿಂತಿತು. ಮತ್ತೆ ಹುಡುಕಿತು.

"ಇದಲ್ಲ" ಎಂದಳು.

ನಾನು ಎತ್ತಿ ನೋಡಿದೆ. ಗುಳಿ ಇರಬೇಕಾದಲ್ಲಿ ಸಪಾಟಾದ ಹಿಟ್ಟಿನ ಮೇಲೆ ಕಂಪನಿಯ ಮುದ್ರೆಯನ್ನು ಚೊಕ್ಕಟವಾಗಿ ಒತ್ತಿದ್ದರು.

"ಅದು ಹಾಳಾಗಿತ್ತಲ್ಲಮ್ಮ" ಎಂದು ನಗುಮುಖಿ ಬಗ್ಗಿ ಮೆಲ್ಲಗೆ ಹೇಳಿದಳು. "ಕಾಲು ಮುರಿದಿತ್ತು, ಬಣ್ಣ ಹೋಗಿತ್ತು. ಅಂಥದ್ದನ್ನ ನಿಮ್ಮ ಕೈಗೆ ಕೊಡೋಕಾಗುತ್ತಾ? ಇವತ್ತು ಬೆಳಗ್ಗೇನೇ ಹೊಸದಾಗಿ ಮಾಡಿಸಿದ್ವಿ. ಅದೇ ಅಳತೆ, ಅದೇ ರೂಪ."

"ಹಳೇದು ಎಲ್ಲಿ?"

"ಅದನ್ನ... ಮಧ್ಯಾಹ್ನವೇ ತೆಗೆದ್ರು ಅಮ್ಮ."

"ಕಾಲು?"

"ಅದನ್ನೂ."

ಕಸ ಸುಡುವ ಒಲೆ ಮಧ್ಯಾಹ್ನವೇ ಉರಿಯುತ್ತದೆಂದು ನಮಗೆ ಗೊತ್ತಿತ್ತು. ಅದರ ಹೊಗೆಯನ್ನು ಮೇಲಿನ ಅಟ್ಟದಿಂದ ನಾನು ದಿನವೂ ನೋಡಿದ್ದೆ. ಫೋಟೋದವನು ಎದುರಿಗೆ ಬಂದು ನಿಂತು, "ಅಮ್ಮ, ಸ್ವಲ್ಪ ಆಮೆ ಮೇಲೆತ್ತಿ. ಹಾಂ. ಸ್ವಲ್ಪ ನಗಿ" ಎಂದ. ಅವಳು ನಗಲಿಲ್ಲ, ಆಮೆಯನ್ನು ಮಾತ್ರ ಎತ್ತಿದಳು. ಯಾರ ಮೇಲೂ ರೇಗಲಿಲ್ಲ. ಯಾರ ಮೇಲೆ ರೇಗಬೇಕು? ಎಲ್ಲರೂ ಒಳ್ಳೆಯದನ್ನೇ ಮಾಡಿದ್ದರು.

ಬೆಳಗ್ಗೆ ಪೆಟ್ಟಿಗೆಗಳನ್ನು ಕಟ್ಟುವಾಗ ಬಾಗಿಲು ಬಡಿದ ಸದ್ದಾಯಿತು. ಬೇಕರಿಯ ಯುವಕ. ಒಳಗೆ ಬರಲಿಲ್ಲ, ಹೊಸಿಲ ಆಚೆಯೇ ನಿಂತ.

"ಅದನ್ನ ಮಾಡಿದ್ದು ನಾನೇ ಅಮ್ಮ. ಮಾಡು ಅಂದ್ರು. ಯಾರಿಗೆ ಅಂತ ಹೇಳ್ಲಿಲ್ಲ. ಹಳೇದನ್ನ ತೆಗೀತಾರೆ ಅಂತ ಗೊತ್ತಾಗೋ ಹೊತ್ತಿಗೆ ಆಗಿಹೋಗಿತ್ತು."

ಅವಳು ಪೆಟ್ಟಿಗೆಯನ್ನು ತಂದು ಅವನ ಕೈಗೆ ಕೊಟ್ಟಳು.

"ನಿಮ್ಮಮ್ಮ ಇದ್ದಾರಾ?"

"ಇದ್ದಾರೆ."

"ಅವರಿಗೆ ಕಳಿಸು. ಈಗಲೇ ಕಳಿಸು, ನೀನು ಇರುವಾಗಲೇ."

ಅವನು ಅಳುತ್ತ ಹೋದ. ಅವಳು ಬಾಗಿಲು ಹಾಕಿಕೊಂಡು ಶಾಲನ್ನು ಮಡಿಸಿ ಚೀಲದ ತಳಕ್ಕೆ ಹಾಕಿದಳು. "ಶಾಲಲ್ಲಿ ಸುತ್ಕೊಂಡಿದ್ರೆ..." ಎಂದಷ್ಟೇ ಹೇಳಿದಳು, ಮುಂದೆ ಹೇಳಲಿಲ್ಲ. ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ಇಳಿಯುವವರನ್ನು ಅವರವರ ಚೀಟಿಯ ಬಣ್ಣದ ಪ್ರಕಾರ ಗುಂಪು ಗುಂಪಾಗಿ ಕರೆಯುವವರೆಗೆ ಎಲ್ಲರನ್ನೂ ಊಟದ ಸಾಲೆಯಲ್ಲೇ ಕೂರಿಸಿದ್ದರು. ಕೊನೆಯ ತಿಂಡಿ ಹರಡಿತ್ತು. ಬಾಗಿಲ ಮೇಜಿನ ಮೇಲೆ ಆಗಲೇ ಹೊಸ ಪ್ರಾಣಿಗಳು ಬಂದಿದ್ದವು, ಮುಂದಿನ ಯಾತ್ರೆಯವರಿಗೆ. ನನ್ನ ಮೂಗು ಸೋರುತ್ತಿತ್ತು. ಕೋಟಿನ ಜೇಬಿನಿಂದ ಕರವಸ್ತ್ರ ಎಳೆದೆ. ಅದರ ಜೊತೆಗೆ ಒಂದಿಷ್ಟು ಪುಡಿ ಬಿಳಿಯ ಮೇಜುಬಟ್ಟೆಯ ಮೇಲೆ ಉದುರಿತು. ಕಂದು ಬಣ್ಣದ ನಾಲ್ಕಾರು ನುಚ್ಚು, ಸ್ವಲ್ಪ ಹಿಟ್ಟಿನ ಧೂಳು. ಕಾಲನ್ನು ಇಟ್ಟುಕೊಂಡಿದ್ದ ಜೇಬು ಅದೇ.

ಇಬ್ಬರೂ ನೋಡಿದೆವು. ಬಡಿಸುವವನು ಮೇಜು ಒರೆಸಲು ಬಟ್ಟೆ ಹಿಡಿದು ಬರುತ್ತಿದ್ದ. ಅವನು ಬರುವುದರೊಳಗೆ ಅವಳು ಬೆರಳನ್ನು ನಾಲಿಗೆಗೆ ತಾಗಿಸಿ, ಒದ್ದೆ ಮಾಡಿ, ಆ ನುಚ್ಚನ್ನೆಲ್ಲ ಒತ್ತಿ ಒತ್ತಿ ಎತ್ತಿಕೊಂಡಳು. ಒಂದು ಕಣವನ್ನೂ ಬಿಡಲಿಲ್ಲ. ಇದನ್ನಾದರೂ ಇಟ್ಟುಕೊಳ್ಳಲು ಒಂದು ಕಾಗದ ಹುಡುಕೋಣವೆಂದು ನಾನು ಜೇಬು ತಡಕುತ್ತಿದ್ದೆ. ಅಷ್ಟರಲ್ಲಿ ಅವಳು ಬೆರಳನ್ನು ಬಾಯಿಗಿಟ್ಟುಕೊಂಡಳು.

ಬಹಳ ಹೊತ್ತು ಬಾಯಿ ಮುಚ್ಚಿಕೊಂಡೇ ಕುಳಿತಿದ್ದಳು. ಒರೆಸುವವನು ಒರೆಸಿ ಹೋದ. ನಮ್ಮ ಗುಂಪಿನ ಬಣ್ಣವನ್ನು ಕೂಗಿದರು. ಬಾಗಿಲಲ್ಲಿ ನಗುಮುಖಿ ಕೈ ಬೀಸುತ್ತ, ಮತ್ತೆ ಬನ್ನಿ, ಮತ್ತೆ ಬನ್ನಿ ಎನ್ನುತ್ತಿದ್ದಳು.

"ಹೇಗಿದೆ?" ಎಂದು ಕೇಳಿದೆ. ಬೇರೆ ಮಾತು ತೋಚಲಿಲ್ಲ.

"ಬರೀ ಉಪ್ಪು" ಎಂದಳು. "ನಾನು ಯಾವಾಗ್ಲೂ ಕಮ್ಮಿ ಕಮ್ಮಿ ಅಂತಿದ್ನಲ್ಲ. ಅದಕ್ಕೇ ಸುರಿದುಬಿಟ್ಟಿದ್ದಾನೆ."